ಅಪ್ಪನ ಕನ್ನಡಕ

ಅಮ್ಮನಿಗೆ,

ಅಪ್ಪ ಹೇಗಿದ್ದಾರೆ ಎಂದು ನಾನು ಒಮ್ಮೆಯೂ ಕೇಳಲಿಲ್ಲವೆಂದು ಮುನಿಸಿಕೊಂಡಿದ್ದೀಯಂತೆ, ತಂಗಿ ಹೇಳಿದಳು. ನಮ್ಮ ಆಂಬುಲೆನ್ಸ್‌ನಲ್ಲಿ ಒಂದು ರೂಢಿಯಿದೆ. ರೋಗಿಯನ್ನು ಆಸ್ಪತ್ರೆಗೆ ಒಪ್ಪಿಸಿದ ಮೇಲೆ ಬದುಕಿದರೋ ಇಲ್ಲವೋ ಎಂದು ಯಾರೂ ವಿಚಾರಿಸುವುದಿಲ್ಲ. "ಕೇಳ್ತಾ ಕೂತ್ರೆ ಮುಂದಿನ ಸ್ಟ್ರೆಚರ್ ಎತ್ತೋಕೆ ಕೈ ಏಳಲ್ಲ ಕಣೋ" ಅನ್ನುತ್ತಾನೆ ನಮ್ಮ ಡ್ರೈವರಣ್ಣ. ಮೊನ್ನೆ ಅಪ್ಪನನ್ನು ನಾನೇ ಕರೆತಂದೆನಲ್ಲ, ಆಗಲೂ ನರ್ಸ್‌ಗೆ "ಗಂಡಸು, ಅರವತ್ತೆಂಟು, ಎದೆನೋವು" ಎಂದೆ. "ನಮ್ಮಪ್ಪ" ಎನ್ನಲಿಲ್ಲ. ಬೇಕೆಂದು ಮಾಡಿದ್ದಲ್ಲ, ಬಾಯಿಗೆ ಬಂದದ್ದೇ ಅದು. ಸ್ಟ್ರೆಚರ್ ಒರೆಸಿ ಮುಂದಿನ ಕರೆಗೆ ಹೊರಟೆ.

ಆಕ್ಸಿಜನ್ ಮಾಸ್ಕ್ ಹಾಕುವಾಗ ತೆಗೆದ ಅವರ ಕನ್ನಡಕ ನನ್ನ ಯೂನಿಫಾರ್ಮ್ ಜೇಬಿನಲ್ಲೇ ಉಳಿದಿದೆ. ಅವರಿಗೆ ಅದು ಬೇಕಾಗುತ್ತದೆಯೇ? ಅಷ್ಟು ಮಾತ್ರ ತಂಗಿಯ ಹತ್ತಿರ ಹೇಳಿ ಕಳಿಸು.

ನಿನ್ನ
ದೊಡ್ಡವನು