ತೆಗೆಯಲು ಮರೆತ ಕಪ್ಪು ಹಲಗೆ

ಅಕ್ಕಾ,

ಬೆಟ್ಟದ ತುದಿಗೆ ಬಂದು ಹನ್ನೊಂದು ದಿನವಾಯಿತು. ಗಾಳಿ ಎಷ್ಟು ತೆಳುವೆಂದರೆ ಚಹಾದ ಲೋಟ ಎತ್ತಿದರೂ ಏದುಸಿರು. ಕಪ್ಪುಕುಳಿಯ ಚಿತ್ರಕ್ಕಾಗಿ ಭೂಮಿಯ ಎಂಟು ಕಡೆಯ ರೇಡಿಯೋ ದೂರದರ್ಶಕಗಳು ವರ್ಷಕ್ಕೊಮ್ಮೆ ಒಟ್ಟಿಗೆ ಆಕಾಶಕ್ಕೆ ಕಿವಿಗೊಡುತ್ತವೆ ಎಂದಿದ್ದೆನಲ್ಲ, ಈ ಸಲ ಮೋಡವಿಲ್ಲದೆ ಸಿಕ್ಕಿದ್ದು ಒಂದೇ ದಿನ, ಅದರಲ್ಲೂ ಆರೇ ಗಂಟೆ.

ಶುರುವಿಗೆ ಮುಂಚೆ ದೂರದರ್ಶಕದ ಸಂಕೇತ ಹಿಡಿಯುವ ಯಂತ್ರ ಸರಿಯಿದೆಯೇ ಎಂದು ಅಳೆಯಲು ಅದರ ಬಾಯಿಗೆ ಕಪ್ಪು ಸ್ಪಂಜಿನ ಹಲಗೆ ಅಡ್ಡ ಇಟ್ಟು, ಆಮೇಲೆ ತೆಗೆಯುತ್ತೇವೆ. ಅದು ನನ್ನ ಕೆಲಸ. "ಹಲಗೆ ತೆಗೆದ್ಯಾ?" ಎಂದು ಮೇಲ್ವಿಚಾರಕರು ಕೂಗಿ ಕೇಳಿದರು. "ತೆಗ್ದೆ ಸಾರ್" ಎಂದೆ. ತೆಗೆದಂತೆಯೇ ನೆನಪಿತ್ತು.

ನಿನ್ನೆ ಆ ಆರು ಗಂಟೆಯ ದಾಖಲೆ ತುಂಬಿದ ಡಿಸ್ಕುಗಳ ಪೆಟ್ಟಿಗೆ ವಿಮಾನಕ್ಕೆ ಹೋದ ಮೇಲೆ ಕೋಣೆ ಗುಡಿಸಲು ಹೋದರೆ ಹಲಗೆ ಅಲ್ಲೇ ನಿಂತಿದೆ. ನನ್ನ ಮರೆವಿಗಿಷ್ಟು ಬೆಂಕಿ ಹಾಕ! ಆರು ಗಂಟೆ ನಾವು ದಾಖಲಿಸಿದ್ದು ಬರೀ ಆ ಸ್ಪಂಜನ್ನು, ಅಕ್ಕಾ. ನಮ್ಮದು ಸೇರದೆ ಉಳಿದ ಏಳು ಕಡೆಯವರ ದುಡಿಮೆಯೂ ಚಿತ್ರವಾಗುವುದಿಲ್ಲ. ಏನೂ ಗೊತ್ತಿಲ್ಲದ ಮೇಲ್ವಿಚಾರಕರು "ಬದುಕಿದ್ವಿ, ಒಂದು ದಿನವಾದ್ರೂ ಸಿಕ್ತಲ್ಲ" ಎಂದು ನನ್ನ ಬೆನ್ನು ತಟ್ಟಿ ಬೆಟ್ಟ ಇಳಿದರು. ಅವರಿಗಿದು ನಿವೃತ್ತಿಯ ವರ್ಷ. ಅವರಿಗೆ ಹೇಳಿಬಿಡೋಣವೆಂದು ಮೂರು ಸಲ ಫೋನು ಎತ್ತಿದೆ, ಮೂರು ಸಲವೂ ಇಟ್ಟೆ. ಮೊದಲು ನಿನಗೆ ಈ ಕಾರ್ಡು ಬರೆಯುತ್ತಿದ್ದೇನೆ, ಅಂಚೆಯವರು ಓದಿದರೆ ಓದಲಿ.

ಈ ಎತ್ತರಕ್ಕೆ ಮೂಗಿನಿಂದ ಸುರಿಯುತ್ತಿದ್ದ ರಕ್ತ ನಿಂತಿದೆ, ಊಟ ಸೇರುತ್ತಿಲ್ಲ. ಚಿತ್ರ ತೂಗುಹಾಕಲೆಂದು ನೀನು ಗೋಡೆಗೆ ಹೊಡೆಸಿದ್ದೆಯಲ್ಲ ಮೊಳೆ, ಅದಕ್ಕೆ ಕ್ಯಾಲೆಂಡರನ್ನೇ ಹಾಕಿಬಿಡು.

ನಿನ್ನ ತಮ್ಮ