ವಾರ್ಡಿನ ಮಷಿನ್ನು ಮನೆ ಬದಲಿಸಿದ್ದು

ಮಾರ್ಚ್ 3, ಸೋಮವಾರ

ಇವತ್ತು ಎರಡು ದಾಟಿಸಿದೆ. ಆಸ್ಪತ್ರೆಯ ಔಷಧಿ ಅಂಗಡಿಯದು, ಲಾಂಡ್ರಿಯದು. ಯಾರಿಗೂ ಗೊತ್ತೇ ಆಗಲಿಲ್ಲ. ನನ್ನ ಕೆಲಸದಲ್ಲಿ ಅದೇ ಹೊಗಳಿಕೆ.

ಊಟಕ್ಕೆ ಕೂತಾಗ ಅಮ್ಮ ಕೇಳಿದಳು, "ದಿನಾ ದಾಟಿಸ್ದೆ ದಾಟಿಸ್ದೆ ಅಂತೀಯಲ್ಲ, ಏನೋ ಅದು? ಎಮ್ಮೆನಾ?"

ಹೇಳಿದೆ. ಆಸ್ಪತ್ರೆಯ ಒಂದೊಂದು ವಿಭಾಗಕ್ಕೂ ಒಂದೊಂದು ಪೆಟ್ಟಿಗೆ ಇಲ್ಲ. ಕ್ಲಸ್ಟರ್ ಅನ್ನುವ ಕೆಲವೇ ದೊಡ್ಡ ಸರ್ವರುಗಳ ಗುಂಪಿನ ಒಳಗೆ ಬಾಡಿಗೆದಾರರ ಹಾಗೆ ಇರುವ ವರ್ಚುವಲ್ ಮಷಿನ್‌ಗಳು. ಹಳೆಯ ಕ್ಲಸ್ಟರ್‌ಗೆ ವಯಸ್ಸಾಯಿತು, ಎಲ್ಲರನ್ನೂ ಹೊಸದಕ್ಕೆ ಸಾಗಿಸಬೇಕು. ಎರಡರ ಸ್ಟೋರೇಜೂ ಬೇರೆ ಬೇರೆ. ಹಾಗಾಗಿ ಬಾಡಿಗೆದಾರ ಎದ್ದು ಹೋದರೆ ಸಾಲದು, ಅವನ ಉಗ್ರಾಣವನ್ನೂ ಹೊರಬೇಕು — ಅದೂ ಅವನು ಕೆಲಸ ಮಾಡುತ್ತಿರುವಾಗಲೇ.

"ಒಲೆ ಮೇಲೆ ಪಾತ್ರೆ ಇರೋವಾಗ್ಲೇ ಅಡುಗೆಮನೆ ಎತ್ಕೊಂಡು ಹೋದ ಹಾಗೆ."

ಹೆಚ್ಚುಕಡಿಮೆ ಅಷ್ಟೇ ಅಂದೆ.

"ಅಷ್ಟೆಲ್ಲ ಮಾಡೋನು ನಮ್ಮನೆ ನಲ್ಲಿ ತೊಟ್ಟಿಕ್ಕೋದನ್ನ ನಿಲ್ಸಪ್ಪ ಮೊದ್ಲು."

ಮಾರ್ಚ್ 5, ಬುಧವಾರ

ಹಳೆಯ ಸ್ಟೋರೇಜಿನಲ್ಲಿ ಮತ್ತೊಂದು ಡಿಸ್ಕ್ ಸತ್ತಿತು. ಬದಲಿ ಸಿಗುವುದಿಲ್ಲ, ಆ ಮಾಡೆಲ್ಲೇ ನಿಂತುಹೋಗಿದೆ. ಉಳಿದಿರುವುದು ಒಂದೇ ಮಷಿನ್ — ಎಳೆಮಕ್ಕಳ ವಾರ್ಡಿನದು. ಅಷ್ಟೂ ತೊಟ್ಟಿಲುಗಳ ಪಕ್ಕದ ಯಂತ್ರಗಳು ಅಳೆಯುವ ಎದೆಬಡಿತ, ಉಸಿರು ಒಟ್ಟಿಗೆ ನರ್ಸುಗಳ ಪರದೆಗೆ ಬರುವುದು ಅದರಿಂದ.

ಮ್ಯಾನೇಜರ್ ಲೆಕ್ಕ ಸುಲಭ. "ಆಫ್ ಮಾಡಿ, ಕಾಪಿ ಮಾಡಿ, ಆನ್ ಮಾಡಿ. ಅರ್ಧ ದಿನ ತಾನೆ?"

ಮೇಲೆ ಹೋಗಿ ಹೆಡ್ ಸಿಸ್ಟರನ್ನು ಕೇಳಿದೆ. ಡಾಕ್ಟರುಗಳೂ ಹೆದರುವ ಸಿಸ್ಟರ್. ಕನ್ನಡಕದ ಮೇಲಿಂದ ನೋಡಿದರು.

"ನೀವು ಅರ್ಧ ದಿನ ಉಸಿರು ಕಟ್ಕೊಂಡಿದ್ದು ತೋರ್ಸಿ ಸರ್. ಆಮೇಲೆ ಮಾತಾಡೋಣ."

ಅತ್ತ ದರಿ, ಇತ್ತ ಪುಲಿ. ಹೊರಡುವಾಗ ತಿರುಗಿ ನೋಡಿದೆ. ಪುಲಿ ಒಂದು ತೊಟ್ಟಿಲಿನ ಮೇಲೆ ಬಾಗಿ ನಗುತ್ತಿತ್ತು. ಕೆನ್ನೆಯಲ್ಲಿ ಗುಳಿ ಬೀಳುತ್ತದೆ… ಅದೆಲ್ಲ ನನಗೇಕೆ.

ಮಾರ್ಚ್ 7, ಶುಕ್ರವಾರ, ಬೆಳಗ್ಗೆ

ಓಡುತ್ತಿರುವಾಗಲೇ ಸಾಗಿಸಲು ಶುರು ಮಾಡಿದೆ. ಇನ್ನೇನು ಮುಗಿಯಿತು ಅನ್ನುವಾಗ ಹಳೆಯ ಡಿಸ್ಕುಗಳು ಏದುಸಿರು ಬಿಡತೊಡಗಿದವು. ಫೋನ್.

"ಸರ್, ನನ್ನ ಪರದೆ ನಿಂತಿದೆ." ಅಷ್ಟೇ. ಸಿಸ್ಟರ್ ಕೂಗಲಿಲ್ಲ. ಅದಕ್ಕೇ ಹೆಚ್ಚು ಹೆದರಿದೆ.

ರದ್ದು ಮಾಡಿದೆ. ಮಷಿನ್ ಹಳೆಯ ಜಾಗದಲ್ಲೇ ಕ್ಷೇಮ. ಪರದೆ ಮತ್ತೆ ಓಡಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಅದೇ ದಿನ, ಸಂಜೆ

ಮೇಲೆ ಬರಲು ಸಿಸ್ಟರ್ ಕರೆ. ಬೈಸಿಕೊಳ್ಳಲು ಸಿದ್ಧನಾಗಿ ಹೋದೆ. ಬೈಯಲಿಲ್ಲ. ಕೈ ತೊಳೆಸಿ, ಗೌನ್ ತೊಡಿಸಿ ಒಳಗೆ ಕರೆದೊಯ್ದರು. ಅಂಗೈಯಷ್ಟು ಮಗು. ಮುಷ್ಟಿ ಮಾತ್ರ ಬಿಗಿ.

"ಇವನಿಗೆ ಪೈಲ್ವಾನ್ ಅಂತೀವಿ. ಬೆಳಗ್ಗೆ ಪರದೆ ನಿಂತಾಗ ಇವನತ್ರ ಓಡ್ದೆ. ಇನ್ನೊಂದು ತೊಟ್ಟಿಲು ಅತ್ತಿದ್ರೆ ಎತ್ತ ಓಡ್ತಿದ್ದೆ ಹೇಳಿ."

ನಾನು ತೊಟ್ಟಿಲುಗಳನ್ನು ಎಣಿಸತೊಡಗಿದೆ.

"ಹೆದರ್ಸೋಕೆ ಕರೀಲಿಲ್ಲ. ನೀವು ಕೆಳಗೆ ಏನ್ ಮಾಡ್ತೀರಿ ಅಂತ ನಂಗೊತ್ತಿಲ್ಲ, ನಾನಿಲ್ಲಿ ಏನ್ ಮಾಡ್ತೀನಿ ಅಂತ ನಿಮ್ಗೂ ಗೊತ್ತಿರ್ಲಿಲ್ಲ. ಕೂತ್ಕೊಳ್ಳಿ."

ಕಾಗದದ ಲೋಟದಲ್ಲಿ ಟೀ. ಕೂತು ಮಾತಾಡಿದೆವು. ಮಧ್ಯಾಹ್ನ ಹಾಲು ಕುಡಿಸಿದ ಮೇಲೆ ವಾರ್ಡು ತಣ್ಣಗಿರುತ್ತದಂತೆ. ಡಾಕ್ಟರುಗಳಿಲ್ಲ, ಯಾರೂ ಕಂಪ್ಯೂಟರ್ ಮುಟ್ಟುವುದಿಲ್ಲ. ನಾನು ಬೆಳಗಿನಿಂದಲೇ ಆಮೆಯ ವೇಗದಲ್ಲಿ ಕಾಪಿ ಬಿಟ್ಟು, ಮಷಿನ್ ಹೊಸ ಜಾಗಕ್ಕೆ ಹಾರುವ ಕೊನೆಯ ಜಿಗಿತಕ್ಕೆ ಆ ಹೊತ್ತನ್ನು ಕಾಯುವುದು. ಅವರು ರಜೆಯಲ್ಲಿದ್ದವರನ್ನೂ ಕರೆಸಿ ತೊಟ್ಟಿಲಿಗೊಬ್ಬ ನರ್ಸ್ ನಿಲ್ಲಿಸುವುದು.

"ಕೊನೇಲಿ ಎಷ್ಟೊತ್ತು ನಿಲ್ಲುತ್ತೆ?"

"ಕಣ್ಣು ಮಿಟುಕಿಸೋಷ್ಟು."

"ಯಾರ ಕಣ್ಣು? ನಾನು ಮಿಟುಕ್ಸಲ್ಲ."

ಗುಳಿ ಬಿತ್ತು. ಈ ಸಲ ನನ್ನ ಕಡೆಗೇ.

ಮಾರ್ಚ್ 12, ಬುಧವಾರ

ಮುಗಿಯಿತು.

ಲ್ಯಾಪ್‌ಟಾಪ್ ಹಿಡಿದು ವಾರ್ಡಿನ ಪಡಸಾಲೆಯಲ್ಲೇ ಕೂತಿದ್ದೆ. ಕಾಪಿ ಮುಗಿಯುವ ಹೊತ್ತಿಗೆ ಕೆಂಪು ಅಕ್ಷರ — ಹಳೆಯದರಲ್ಲಿ ಇನ್ನೊಂದು ಡಿಸ್ಕ್ ಹೋಯಿತು. ಮತ್ತೊಂದು ಹೋದರೆ ಮಷಿನ್ನೇ ಇಲ್ಲ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಮುಂದುವರಿಸಿದರೆ ಇರುವ ಡಿಸ್ಕುಗಳ ಮೇಲೆ ಇನ್ನಷ್ಟು ಭಾರ, ನಿಲ್ಲಿಸಿದರೆ ಇನ್ನೊಂದು ಅವಕಾಶ ಸಿಗುತ್ತದೋ ಇಲ್ಲವೋ. ಎದ್ದು ಹೋಗಿ ಇದ್ದದ್ದನ್ನು ಇದ್ದ ಹಾಗೆ ಸಿಸ್ಟರಿಗೆ ಹೇಳಿದೆ. ಪರದೆ ನಿಂತರೆ ಮತ್ತೆ ಬರದೇ ಇರಬಹುದು ಎಂಬುದನ್ನೂ.

ಅವರು ತೊಟ್ಟಿಲುಗಳ ಸಾಲನ್ನೊಮ್ಮೆ ನೋಡಿದರು. ಎಲ್ಲದರ ಪಕ್ಕದಲ್ಲೂ ಒಬ್ಬೊಬ್ಬರು.

"ಮುಂದುವರ್ಸಿ. ಇಲ್ಲಿ ನಾವಿದ್ದೀವಿ."

ಒತ್ತಿದೆ. ಪರದೆಯ ಗೆರೆಗಳೆಲ್ಲ ಒಮ್ಮೆಲೇ ನಿಂತವು. ತೊಟ್ಟಿಲ ಬಳಿಯ ಯಂತ್ರಗಳ ಬೀಪ್ ಬೀಪ್ ಮಾತ್ರ… ಗೆರೆಗಳು ಎದ್ದವು. ಸಿಸ್ಟರ್ ಒಂದೊಂದೇ ತೊಟ್ಟಿಲಿಗೆ ಹೋಗಿ ಅಲ್ಲಿನ ಬಡಿತ, ಪರದೆಯ ಬಡಿತ ತಾಳೆ ನೋಡಿ ಬಂದರು.

"ಅಷ್ಟೇನಾ?"

"ಅಷ್ಟೇ."

ಅಲ್ಲೇ ನೆಲದ ಮೇಲೆ ಕೂತೆ. ಸಿಸ್ಟರ್ ನನ್ನನ್ನು ನೋಡಿದರು, ತಮ್ಮ ಇಸ್ತ್ರಿ ಮಾಡಿದ ಸಮವಸ್ತ್ರವನ್ನು ನೋಡಿಕೊಂಡರು, ಪಕ್ಕದಲ್ಲೇ ಕೂತುಬಿಟ್ಟರು. ನರ್ಸುಗಳು ಬಾಯಿ ಬಿಟ್ಟುಕೊಂಡು ನಿಂತಿದ್ದರು.

"ಮಿಟುಕ್ಸಿಬಿಟ್ಟೆ ಸರ್," ಅಂದರು ಮೆಲ್ಲಗೆ. "ಭಯ ಆಯ್ತು."

ಮಾರ್ಚ್ 21, ಶುಕ್ರವಾರ

ಹಳೆಯ ಕ್ಲಸ್ಟರ್ ಆಫ್ ಮಾಡಿದೆ. ಸರ್ವರ್ ಕೋಣೆ ಅರ್ಧ ಮೌನ. ಆಗಲೇ ಫೋನ್.

"ಸಿಸ್ಟರ್? ಏನಾದ್ರೂ ನಿಂತಿದ್ಯಾ?"

"ಇಲ್ಲ. ಆವತ್ತಿಂದ ಏನೂ ನಿಲ್ತಾನೇ ಇಲ್ಲ. ಹಿಂಗಾದ್ರೆ ನಿಮ್ಗೆ ಫೋನ್ ಮಾಡೋದಾದ್ರೂ ಹೆಂಗೆ?"

ಏನು ಉತ್ತರ ಕೊಟ್ಟೆ ನೆನಪಿಲ್ಲ. ಭಾನುವಾರಗಳ ಬಗ್ಗೆ ಏನೋ ಅಂದಿರಬೇಕು.

ಮಾರ್ಚ್ 30, ಭಾನುವಾರ, ಬೆಳಗ್ಗೆ

ಅಮ್ಮನಿಗೆ ನಿನ್ನೆಯೇ ಹೇಳಿದ್ದೆ, ಸಿಸ್ಟರ್ ಊಟಕ್ಕೆ ಬರುತ್ತಾರೆ, ಆಸ್ಪತ್ರೆಯಲ್ಲಿ ಎಲ್ಲರೂ ಅವರಿಗೆ ಹೆದರುತ್ತಾರೆ ಎಂದು.

"ಒಳ್ಳೇದಾಯ್ತು ಬಿಡು. ಇಷ್ಟು ವರ್ಷ ಒಬ್ಳೇ ಬೈದು ಬೈದು ನಂಗೂ ಸಾಕಾಗಿದೆ."

ನಲವತ್ತು ದಾಟಿದವನು ಬೆಳಗಿನಿಂದ ಅಂಗಿ ಬದಲಿಸುತ್ತಲೇ ಇದ್ದೇನೆ. ಸಮಾಧಾನಕ್ಕೆಂದು ಬರೆಯಲು ಕೂತೆ. ಇನ್ನೂ ಹೊತ್ತಿದೆ ಅಂದುಕೊಂಡಿದ್ದೆ — ಬಾಗಿಲ ಸದ್ದು. ಬೇಗ ಬಂದಿದ್ದಾರೆ. ಅಮ್ಮ ಏನೋ ಹೇಳಿದಳು, ಇಬ್ಬರೂ ನಕ್ಕರು. ನನ್ನ ವಿಷಯವೇ ಇರಬೇಕು. ಮತ್ತೆ ನಗು. ಈಗ ಕೂಗುತ್ತಿರುವುದು ಅಮ್ಮನಲ್ಲ, ನನ್ನನ್ನು ಸರ್ ಅಂತಲೂ ಅನ್ನುತ್ತಿಲ್ಲ, ನನ್ನ ಹೆಸರು ಹಿಡಿದೇ —