ಬೇರಿಕೆಯ ಮಾತು ಫೋನಿಗೆ ತಿಳಿಯಿತು

ಅಜ್ಜಿ,

ಇವತ್ತು ಹೊಸೂರಿನ ಆಫೀಸಿನಲ್ಲಿ ನಿನ್ನ ಹಾಗೇ ಮಾತಾಡಿದೆ. ರೈತರ ಪ್ರಶ್ನೆ ಕೇಳಿ ಬೆಳೆಗೆ ತಕ್ಕ ಔಷಧಿ ಸೂಚಿಸಲು ನಾವು ಫೋನಿಗೆ ಕಲಿಸುತ್ತಿದ್ದೇವೆ. ರೆಕಾರ್ಡ್ ಮಾಡಿದ ರೈತರ ದನಿಗಳಲ್ಲಿ ಕನ್ನಡ, ತಮಿಳು, ತೆಲುಗು ಮೂರೂ ಬೆರೆತವನ್ನು ಆಫೀಸಿನವರು ಕಸವೆಂದು ತೆಗೆದುಹಾಕುತ್ತಿದ್ದರು. “ನಮ್ಮ ಬೇರಿಕೆ ಕಡೆ ಮಾತಾಡೋದೇ ಹಂಗೆ ಸಾರ್” ಎಂದು ಹಟ ಹಿಡಿದು ಉಳಿಸಿದವಳು ನಾನು.

ಇವತ್ತು ಅದರ ಪರೀಕ್ಷೆ. ಹಾಗೆ ಮಾತಾಡಲು ಬೇರೆ ಯಾರಿಗೂ ಬರಲಿಲ್ಲ. ನಾನೇ ಮೈಕ್ ಹಿಡಿದೆ.

“ತಕ್ಕಾಳಿಗೆ ಪೂಚಿ ಬಿದ್ದೈತೆ, ಏನು ಮಂದು ಹೊಡೀಲಿ, ಹೇಳ್ಲಾ!”

ಟೊಮ್ಯಾಟೊ ಹುಳುವಿಗೆ ಬೇವಿನೆಣ್ಣೆ ಸಿಂಪಡಿಸಿ ಎಂದಿತು ಫೋನು. ಎಲ್ಲರೂ ಚಪ್ಪಾಳೆ ತಟ್ಟಿದರು.

“ಸಾಹಿತ್ಯ ಓದಿದೋರು ಫೋನಿಗೂ ‘ಲಾ’ ಅಂತೀರಲ್ಲಮ್ಮ, ಯಾರು ಕಲಿಸಿದ್ರು?” ಎಂದು ನಮ್ಮ ಮೇಲಧಿಕಾರಿ ಯತಿರಾಜ್ ಸಾರ್ ನಕ್ಕರು.

“ಬೇರಿಕೆ ಅಂಜಿನಮ್ಮ, ನಮ್ಮಜ್ಜಿ” ಎಂದೆ, ಎಲ್ಲರಿಗೂ ಕೇಳುವಂತೆ.

ನಮ್ಮಲ್ಲಿ ಸಾವಿರಾರು ಜನರ ದನಿ ಇದೆ, ಅಜ್ಜಿ. ನಿನ್ನದನ್ನು ಹಿಡಿದಿಡುವ ಮೊದಲೇ ನೀನು ಹೋದೆ; ಅದು ನನ್ನ ಬಾಯಲ್ಲಷ್ಟೇ ಇದೆ.

ಪವಿತ್ರ